ಡೆಂಗ್ಯೂ–ಫ್ಲೂ ವ್ಯತ್ಯಾಸ ಕೋಷ್ಟಕ: ಒಂದು ವಿಮರ್ಶೆ

ಮಳೆಗಾಲ ಆರಂಭವಾಯಿತೆಂದರೆ ಶಾಲೆಗಳ ಸೂಚನಾ ಫಲಕದಲ್ಲಿ, ಪತ್ರಿಕೆಗಳ ಆರೋಗ್ಯ ಪುಟದಲ್ಲಿ, ವಿಜ್ಞಾನ ವಸ್ತುಪ್ರದರ್ಶನದ ಚಾರ್ಟುಗಳಲ್ಲಿ ಒಂದು ಕೋಷ್ಟಕ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಎರಡು ಅಂಕಣಗಳು: ಎಡಕ್ಕೆ ‘ಡೆಂಗ್ಯೂ’, ಬಲಕ್ಕೆ ‘ಇನ್‌ಫ್ಲುಯೆಂಜಾ’ ಅಥವಾ ‘ಫ್ಲೂ’. ಸಾಲುಗಳಲ್ಲಿ ಜ್ವರ, ತಲೆನೋವು, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು, ಕೆಮ್ಮು, ನೆಗಡಿ, ಮೈಮೇಲೆ ಗುಳ್ಳೆ, ಪ್ಲೇಟ್‌ಲೆಟ್ ಸಂಖ್ಯೆ. ಪ್ರತಿ ಚೌಕದಲ್ಲೂ ‘ಹೌದು’, ‘ಇಲ್ಲ’, ‘ಕೆಲವೊಮ್ಮೆ’ ಎಂಬ ಉತ್ತರ. ‘ವ್ಯತ್ಯಾಸ ಬರೆಯಿರಿ’ ಎಂಬ ಪ್ರಶ್ನೆಗೆ ನಾವು ಮಕ್ಕಳಿಂದ ಬರೆಸುವ ಉತ್ತರದ ಮಾದರಿಯೇ ಇದು.

ಈ ಲೇಖಕ ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ರೋಗ ನಿರ್ಣಯ ವೈದ್ಯರ ಕೆಲಸ. ಅದರಲ್ಲಿ ತಲೆಹಾಕುವ ಉದ್ದೇಶ ಇಲ್ಲಿಲ್ಲ. ಆದರೆ ಕೋಷ್ಟಕ ಎಂಬುದು ಮಾಹಿತಿಯನ್ನು ದಾಖಲಿಸುವ ಒಂದು ಸಾಧನ. ಒಂದು ಸಾಧನ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂದು ಕೇಳುವ ಹಕ್ಕು ವಿಜ್ಞಾನದ ಯಾವ ವಿದ್ಯಾರ್ಥಿಗೂ ಉಂಟು. ಹಾಗೆ ಪರೀಕ್ಷಿಸಿದರೆ ಈ ಕೋಷ್ಟಕದಲ್ಲಿ ಕೆಲವು ಸಣ್ಣ ದೋಷಗಳೂ ಒಂದು ದೊಡ್ಡ ದೋಷವೂ ಕಾಣುತ್ತವೆ. ದೊಡ್ಡ ದೋಷ ಜೀವಕ್ಕೆ ಎರವಾಗಬಲ್ಲದು.

ಮೊದಲು ಅದರ ಗುಣವನ್ನು ಒಪ್ಪಿಕೊಳ್ಳೋಣ. ಎರಡೂ ರೋಗಗಳು ವೈರಸ್‌ಗಳಿಂದ ಬರುತ್ತವೆ, ಆದರೆ ಆ ವೈರಸ್‌ಗಳು ಬೇರೆ ಬೇರೆ ಕುಟುಂಬಕ್ಕೆ ಸೇರಿದವು. ಡೆಂಗ್ಯೂ ವೈರಸ್ ಈಡಿಸ್ ಜಾತಿಯ ಸೊಳ್ಳೆಯ ಮೂಲಕ ದೇಹವನ್ನು ಸೇರುತ್ತದೆ. ಅದರಲ್ಲಿ ನಾಲ್ಕು ಪ್ರಭೇದಗಳಿವೆ. ಇನ್‌ಫ್ಲುಯೆಂಜಾ ವೈರಸ್ ರೋಗಿಯ ಉಸಿರು, ಕೆಮ್ಮು, ಸೀನುಗಳ ಹನಿಗಳ ಮೂಲಕ ಹರಡಿ ಉಸಿರಾಟದ ಮಾರ್ಗದ ಒಳಪದರದಲ್ಲಿ ಬೆಳೆಯುತ್ತದೆ. ಒಂದಕ್ಕೆ ನೀರು ನಿಂತ ಪಾತ್ರೆಗಳನ್ನು ಖಾಲಿ ಮಾಡಬೇಕು, ಇನ್ನೊಂದಕ್ಕೆ ಬಾಯಿ ಮೂಗು ಮುಚ್ಚಿ ಕೆಮ್ಮಬೇಕು. ಇಷ್ಟನ್ನು ಕೋಷ್ಟಕ ಚೆನ್ನಾಗಿಯೇ ಹೇಳುತ್ತದೆ. ತೊಂದರೆ ಇರುವುದು ಲಕ್ಷಣಗಳ ಸಾಲುಗಳಲ್ಲಿ.

ಎಲ್ಲ ಸಾಲುಗಳಿಗೂ ಒಂದೇ ತೂಕವಲ್ಲ

ಕೋಷ್ಟಕವನ್ನು ಓದಿದ ವಿದ್ಯಾರ್ಥಿ ಸಾಮಾನ್ಯವಾಗಿ ಏನು ಮಾಡುತ್ತಾನೆ? ಸಾಲುಗಳನ್ನು ಎಣಿಸುತ್ತಾನೆ. ‘ತಲೆನೋವು ಇದೆ, ಮೈಕೈ ನೋವು ಇದೆ, ಕಣ್ಣು ನೋವು ಇದೆ. ಮೂರು ಹೊಂದುತ್ತವೆ, ಆದ್ದರಿಂದ ಡೆಂಗ್ಯೂ’ ಎನ್ನುತ್ತಾನೆ. ಈ ಎಣಿಕೆ ಏಕೆ ತಪ್ಪು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ಒಂದು ಲಕ್ಷಣ 100 ಡೆಂಗ್ಯೂ ರೋಗಿಗಳಲ್ಲಿ 80 ಮಂದಿಗೆ, 100 ಫ್ಲೂ ರೋಗಿಗಳಲ್ಲೂ 80 ಮಂದಿಗೆ ಇದೆ ಎಂದುಕೊಳ್ಳಿ (ಇವು ಲೆಕ್ಕಕ್ಕಾಗಿ ಊಹಿಸಿದ ಸಂಖ್ಯೆಗಳು). ಇವುಗಳ ಅನುಪಾತ 1. ಯಾವ ಸಂಖ್ಯೆಯನ್ನು 1ರಿಂದ ಗುಣಿಸಿದರೂ ಅದು ಬದಲಾಗದು. ಅಂದರೆ ಆ ಲಕ್ಷಣ ಇದ್ದರೂ ನಮ್ಮ ತಿಳಿವಳಿಕೆ ಒಂದಿಷ್ಟೂ ಹೆಚ್ಚಲಿಲ್ಲ. ಇನ್ನೊಂದು ಲಕ್ಷಣ ಫ್ಲೂನಲ್ಲಿ 80 ಮಂದಿಗೆ, ಡೆಂಗ್ಯೂನಲ್ಲಿ 20 ಮಂದಿಗೆ ಇದ್ದರೆ ಅನುಪಾತ 4. ಆಗ ಫ್ಲೂ ಇರುವ ಸಂಭಾವ್ಯತೆಯ ಕಡೆಗೆ ತಕ್ಕಡಿ ನಾಲ್ಕು ಪಟ್ಟು ವಾಲುತ್ತದೆ. 1763ರಲ್ಲಿ, ತಾವು ತೀರಿಕೊಂಡ ಮೇಲೆ, ಪ್ರಕಟವಾದ ಪ್ರಬಂಧದಲ್ಲಿ ಥಾಮಸ್ ಬೇಯ್ಸ್ ಹಾಕಿಕೊಟ್ಟ ದಾರಿಯ ಸಾರ ಇಷ್ಟೇ: ಸಾಕ್ಷ್ಯದ ಬೆಲೆ ಅದು ಎಷ್ಟು ಸಲ ಕಾಣುತ್ತದೆ ಎಂಬುದರಲ್ಲಿಲ್ಲ, ಎರಡು ಊಹೆಗಳ ನಡುವೆ ಎಷ್ಟು ಅಂತರ ತೋರಿಸುತ್ತದೆ ಎಂಬುದರಲ್ಲಿದೆ.

ತಲೆನೋವು, ಮೈಕೈ ನೋವು, ಸುಸ್ತು, ಚಳಿ ಇವು ಎರಡೂ ಕಡೆ ಇರುವುದಕ್ಕೆ ಕಾರಣವಿದೆ. ಇವು ವೈರಸ್‌ನ ಗುರುತುಗಳಿಗಿಂತ ಹೆಚ್ಚಾಗಿ ನಮ್ಮ ದೇಹದ ಉತ್ತರಗಳು. ಯಾವ ವೈರಸ್ ಬಂದರೂ ಜೀವಕೋಶಗಳು ಇಂಟರ್‌ಫೆರಾನ್ ಮುಂತಾದ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಜ್ವರ, ನೋವುಗಳು ಅವುಗಳ ಪರಿಣಾಮ. ಕರೆಗಂಟೆ ಬಾರಿಸಿತೆಂದ ಮಾತ್ರಕ್ಕೆ ಬಾಗಿಲಲ್ಲಿ ನಿಂತವರು ಯಾರೆಂದು ತಿಳಿಯದು. ಅದೇ ಕೆಮ್ಮು, ಮೂಗು ಸೋರುವುದು ಹಾಗಲ್ಲ. ಫ್ಲೂ ವೈರಸ್ ಉಸಿರಾಟದ ಮಾರ್ಗದಲ್ಲೇ ಬೆಳೆಯುವುದರಿಂದ ಆ ಲಕ್ಷಣಗಳಿಗೆ ತೂಕ ಹೆಚ್ಚು. ಹಾಗೆಂದು ಅದೂ ಕೊನೆಯ ಮಾತಲ್ಲ. ಡೆಂಗ್ಯೂ ಬಂದ ಕೆಲವರಲ್ಲಿ ಗಂಟಲು ನೋವು, ಕೆಮ್ಮು ಕಾಣುವುದುಂಟು.

ಎಣಿಕೆಯಲ್ಲಿ ಇನ್ನೊಂದು ದೋಷವಿದೆ. ಒಂದೇ ವೋಲ್ಟ್‌ಮೀಟರನ್ನು ಮೂರು ಸಲ ನೋಡಿ ಮೂರು ಸ್ವತಂತ್ರ ಸಾಕ್ಷ್ಯಗಳು ದೊರೆತವೆಂದು ಪ್ರಯೋಗಶಾಲೆಯಲ್ಲಿ ಯಾರೂ ಹೇಳುವುದಿಲ್ಲ. ತಲೆನೋವು, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು ಒಂದೇ ಕಾರಣದಿಂದ ಒಟ್ಟಿಗೆ ಬರುತ್ತವೆ. ಅವುಗಳನ್ನು ಮೂರು ಅಂಕಗಳೆಂದು ಕೂಡುವುದು ಸರಿಯಲ್ಲ.

ಋತುವಿನ ಸಾಲು

ಕೆಲವು ಕೋಷ್ಟಕಗಳಲ್ಲಿ ‘ಕಾಲ’ ಎಂಬ ಸಾಲೂ ಇರುತ್ತದೆ: ಡೆಂಗ್ಯೂ ಮಳೆಗಾಲದಲ್ಲಿ, ಫ್ಲೂ ಚಳಿಗಾಲದಲ್ಲಿ. ಇದು ಶೀತ ದೇಶಗಳ ಪುಸ್ತಕಗಳಿಂದ ಹಾಗೇ ಇಳಿದು ಬಂದ ಮಾತು. ನಮ್ಮ ದೇಶದಲ್ಲಿ ಫ್ಲೂಗೆ ಎರಡು ಏರಿಕೆಗಳಿವೆ. ಒಂದು ಜನವರಿಯಿಂದ ಮಾರ್ಚ್‌ವರೆಗೆ, ಇನ್ನೊಂದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಎಚ್1ಎನ್1 ಜಗದ್ವ್ಯಾಪಿಯಾದ 2009ರಲ್ಲಿ ಭಾರತದ ಮೊದಲ ಸಾವು ಪುಣೆಯಲ್ಲಿ ಸಂಭವಿಸಿದ್ದು ಆಗಸ್ಟ್ ತಿಂಗಳಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಡೆಂಗ್ಯೂ ಹೆಚ್ಚುವುದೂ ಅದೇ ತಿಂಗಳುಗಳಲ್ಲಿ; ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎರಡನ್ನೂ ಬೇರ್ಪಡಿಸಬೇಕಾದ ಅಗತ್ಯ ಹೆಚ್ಚಾಗಿರುವ ಕಾಲದಲ್ಲೇ ಋತುವಿನ ಸಾಲು ನೆರವಿಗೆ ಬರುವುದಿಲ್ಲ.

ಇನ್ನು ಅಂಕಣಗಳು ಎರಡೇ ಏಕೆ? ಮಳೆಗಾಲದ ಜ್ವರ ಮಲೇರಿಯಾ ಆಗಿರಬಹುದು, ಚಿಕೂನ್‌ಗುನ್ಯಾ ಆಗಿರಬಹುದು, ಇಲಿ ಜ್ವರ ಅಥವಾ ಟೈಫಾಯ್ಡ್ ಆಗಿರಬಹುದು. 2020ರಿಂದೀಚೆಗೆ ಕೋವಿಡ್ ಕೂಡ ಆ ಸಾಲಿಗೆ ಸೇರಿದೆ. ಮಲೆನಾಡಿನವರಿಗೆ ಇನ್ನೂ ಒಂದನ್ನು ನೆನಪಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಡೆಂಗ್ಯೂ ವೈರಸ್‌ನ ಕುಟುಂಬದ್ದೇ. ಅದು ಉಣ್ಣೆಯಿಂದ ಹರಡುತ್ತದೆ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಎರಡೇ ಅಂಕಣಗಳ ಕೋಷ್ಟಕ ‘ಇದಲ್ಲದಿದ್ದರೆ ಅದು’ ಎಂಬ ತರ್ಕವನ್ನು ಓದುಗನಿಗೆ ತಿಳಿಯದಂತೆ ಕಲಿಸಿಬಿಡುತ್ತದೆ. ಎರಡು ಸೋಂಕುಗಳು ಒಟ್ಟಿಗೇ ಬರಬಹುದು ಎಂಬುದಕ್ಕೂ ಅಲ್ಲಿ ಜಾಗವಿಲ್ಲ.

ಕಾಣೆಯಾದ ಅಕ್ಷ

ಇವೆಲ್ಲ ತಿದ್ದಬಹುದಾದ ದೋಷಗಳು. ಈಗ ಮುಖ್ಯವಾದುದಕ್ಕೆ ಬರೋಣ. ಈ ಕೋಷ್ಟಕದಲ್ಲಿ ಕಾಲವೇ ಇಲ್ಲ. ‘ಜ್ವರ: ಹೌದು’ ಎಂದು ಬರೆದಿದೆ. ಎಷ್ಟನೆಯ ದಿನದ ಜ್ವರ? ಏರುತ್ತಿದೆಯೋ, ಇಳಿಯುತ್ತಿದೆಯೋ? ಇಳಿದ ಮೇಲೆ ಏನಾಯಿತು? ಓಡುತ್ತಿರುವ ಬಸ್ಸಿನ ಒಂದೇ ಒಂದು ಛಾಯಾಚಿತ್ರ ನೋಡಿ ಅದರ ವೇಗವನ್ನು ಹೇಳಲಾಗದು. ಸ್ಥಾನಕ್ಕೆ ಒಂದು ಚಿತ್ರ ಸಾಕು. ವೇಗಕ್ಕೆ ಎರಡಾದರೂ ಬೇಕು. ಕೋಷ್ಟಕ ಒಂದು ಛಾಯಾಚಿತ್ರ. ಆದರೆ ಡೆಂಗ್ಯೂ ಮತ್ತು ಫ್ಲೂ ನಡುವಿನ ಮುಖ್ಯ ವ್ಯತ್ಯಾಸ ಇರುವುದು ಅವುಗಳ ಚಲನೆಯಲ್ಲಿ.

ಫ್ಲೂ ವೈರಸ್ ಸೋಂಕಿದ 1ರಿಂದ 4 ದಿನಗಳಲ್ಲಿ ಲಕ್ಷಣಗಳು ಶುರುವಾಗುತ್ತವೆ. ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನ ಇದ್ದು ಇಳಿಯುತ್ತದೆ. ಬಿಸಿ ಇಳಿದರೆ ಹೆಚ್ಚಿನವರಲ್ಲಿ ಅದು ಚೇತರಿಕೆಯ ಸೂಚನೆ. ಕೆಮ್ಮು, ಸುಸ್ತು ಮಾತ್ರ ಇನ್ನೂ ಕೆಲವು ದಿನ ಉಳಿಯುತ್ತವೆ. ಫ್ಲೂನಲ್ಲಿ ಎಚ್ಚರಿಕೆ ಬೇಕಾದುದು ಉಸಿರಾಟ ಕಷ್ಟವಾದಾಗ, ಮತ್ತು ಇಳಿದ ಜ್ವರ ಮತ್ತೆ ಏರಿ ಕೆಮ್ಮು ಜೋರಾದಾಗ. ಆಗ ನ್ಯುಮೋನಿಯಾ ಅಂಟಿಕೊಂಡಿರಬಹುದು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ದೀರ್ಘಕಾಲದ ಕಾಯಿಲೆ ಇರುವವರು ಹೆಚ್ಚು ಜಾಗರೂಕರಾಗಿರಬೇಕು.

ಡೆಂಗ್ಯೂ ಹಾಗಲ್ಲ. ಸೊಳ್ಳೆ ಕಚ್ಚಿದ ಸುಮಾರು 4ರಿಂದ 10 ದಿನಗಳ ನಂತರ ಜ್ವರ ಬರುತ್ತದೆ. 2ರಿಂದ 7 ದಿನ ಇರುತ್ತದೆ. ಇದು ಮೊದಲ ಘಟ್ಟ. ಬಹುಮಂದಿ ಇಲ್ಲಿಂದ ನೇರವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಮೂರರಿಂದ ಏಳನೆಯ ದಿನದ ನಡುವೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ, ಎರಡನೆಯ ಘಟ್ಟ ಆರಂಭವಾಗುತ್ತದೆ. ಸೂಕ್ಷ್ಮ ರಕ್ತನಾಳಗಳ ಗೋಡೆ ಜಾಲರಿಯಂತಾಗಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಗೆ ಸೋರುತ್ತದೆ. ಇದು 24ರಿಂದ 48 ಗಂಟೆಗಳ ಕಾಲ ನಡೆಯುತ್ತದೆ. ಸೋರಿಕೆ ಹೆಚ್ಚಾದರೆ ರಕ್ತದೊತ್ತಡ ಕುಸಿದು ರೋಗಿ ಆಘಾತಸ್ಥಿತಿಗೆ ಹೋಗಬಹುದು. ಈ ಹಿಂದೆ ಒಂದು ಪ್ರಭೇದದ ಡೆಂಗ್ಯೂ ಬಂದು ಈಗ ಬೇರೊಂದು ಪ್ರಭೇದ ಬಂದವರಲ್ಲಿ ಈ ಅಪಾಯ ಹೆಚ್ಚು.

ಇದರ ಅರ್ಥವನ್ನು ಯೋಚಿಸಿ. ಥರ್ಮಾಮೀಟರಿನ ಪಾದರಸ ಇಳಿದದ್ದು ಫ್ಲೂನಲ್ಲಿ ಒಳ್ಳೆಯ ಸುದ್ದಿ. ಡೆಂಗ್ಯೂನಲ್ಲಿ ಅದೇ ಅಳತೆ ‘ಈಗ ನೋಡಿಕೊಳ್ಳಿ’ ಎಂಬ ಎಚ್ಚರಿಕೆ. ನಾಲ್ಕು ದಿನ ಮಲಗಿದ್ದ ಹುಡುಗಿಯ ಮೈ ಐದನೆಯ ದಿನ ತಣ್ಣಗಾಗಿದೆ. ಮನೆಯವರು ನಿಟ್ಟುಸಿರು ಬಿಟ್ಟು ‘ಜ್ವರ ಬಿಟ್ಟಿತು, ನಾಳೆ ಪರೀಕ್ಷೆ ಇದೆ, ಹೋಗಿ ಬಾ’ ಎನ್ನುತ್ತಾರೆ. ಅವಳಿಗೆ ಹೊಟ್ಟೆನೋವು, ಎರಡು ಮೂರು ಸಲ ವಾಂತಿ, ಮಂಕು. ಜ್ವರವಿಲ್ಲವಾದ್ದರಿಂದ ಇದನ್ನು ಪಿತ್ತವೆಂದೋ, ಊಟ ಬಿಟ್ಟ ನಿಶ್ಶಕ್ತಿಯೆಂದೋ ಅಂದುಕೊಳ್ಳುತ್ತಾರೆ. ನಮ್ಮ ಎರಡು ಅಂಕಣದ ಕೋಷ್ಟಕ ಈ ಹೊತ್ತಿನಲ್ಲಿ ಏನು ಹೇಳುತ್ತದೆ? ಏನನ್ನೂ ಹೇಳುವುದಿಲ್ಲ. ಜ್ವರದ ಸಾಲಿಗೆ ಈಗ ‘ಇಲ್ಲ’ ಎಂದು ಬರೆಯಬೇಕಾಗುತ್ತದೆ. ಆಗ ಅದು ಎರಡೂ ರೋಗಗಳಿಂದ ಹೊರಗುಳಿಯುತ್ತದೆ!

ಸೋರಿಕೆಯ ಲೆಕ್ಕ

ಪ್ಲಾಸ್ಮಾ ಸೋರಿಕೆಯನ್ನು ವೈದ್ಯರು ಪತ್ತೆಹಚ್ಚುವ ಒಂದು ವಿಧಾನ ನಮ್ಮ ತರಗತಿಗಳಿಗೆ ಹೇಳಿ ಮಾಡಿಸಿದಂತಿದೆ. ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣಗಳ ಶೇಕಡ ಪಾಲಿಗೆ ಹಿಮಟೋಕ್ರಿಟ್ ಎನ್ನುತ್ತಾರೆ. ಪ್ರಯೋಗಶಾಲೆಯ ವರದಿಯಲ್ಲಿ ‘ಪಿಸಿವಿ’ ಎಂದು ಬರೆದಿರುತ್ತದೆ. ಒಬ್ಬರಿಗೆ ಅದು 40 ಇತ್ತು ಎನ್ನೋಣ. 100 ಮಿಲಿಲೀಟರ್ ರಕ್ತದಲ್ಲಿ 40 ಮಿ.ಲೀ. ಕಣಗಳು, 60 ಮಿ.ಲೀ. ಪ್ಲಾಸ್ಮಾ. ಎರಡು ದಿನಗಳ ನಂತರ ಅದು 48 ಆಯಿತು. ಕೆಂಪು ಕಣಗಳು ಹೊಸದಾಗಿ ಹುಟ್ಟಿದವೇ? ಎರಡು ದಿನದಲ್ಲಿ ಅಷ್ಟು ಸಾಧ್ಯವಿಲ್ಲ. ಕಣಗಳು ಸೋರಿಹೋಗದೆ ಅಷ್ಟೇ ಇವೆ, ದ್ರವ ಕಡಿಮೆಯಾಗಿದೆ. 40 ಮಿ.ಲೀ. ಈಗ ಶೇ 48 ಆಗಬೇಕಾದರೆ ಒಟ್ಟು ಗಾತ್ರ 83.3 ಮಿ.ಲೀ. ಇರಬೇಕು, ಪ್ಲಾಸ್ಮಾ 43.3 ಮಿ.ಲೀ. ಅಂದರೆ 60ರಲ್ಲಿ 16.7 ಮಿ.ಲೀ. ಹೊರಟುಹೋಗಿದೆ, ಇದು ಪ್ಲಾಸ್ಮಾದ ಶೇ 28.

40ರಿಂದ 48ಕ್ಕೆ ಏರಿದ್ದು ನೋಡಲು ಸಣ್ಣ ಬದಲಾವಣೆ. ಆದರೆ ಅದರ ಹಿಂದೆ ಕಾಲುಭಾಗಕ್ಕೂ ಹೆಚ್ಚು ಪ್ಲಾಸ್ಮಾ ನಷ್ಟವಿದೆ. ಇದನ್ನು ತಿಳಿಯಲು ಒಂದು ವರದಿ ಸಾಲದು, ಎರಡು ಬೇಕು. 48 ಎಂಬುದು ಮತ್ತೊಬ್ಬರಿಗೆ ಸಹಜ ಸಂಖ್ಯೆಯೇ ಆಗಿರಬಹುದು. ಇಲ್ಲಿಯೂ ಬೇಕಾದುದು ಬೆಲೆಯಲ್ಲ, ಬೆಲೆಯ ಬದಲಾವಣೆ.

ಆದರೂ ಜನರ ಕಣ್ಣು ನೆಟ್ಟಿರುವುದು ಪ್ಲೇಟ್‌ಲೆಟ್ ಎಂಬ ಒಂದೇ ಸಂಖ್ಯೆಯ ಮೇಲೆ. ಕೋಷ್ಟಕವೂ ‘ಪ್ಲೇಟ್‌ಲೆಟ್ ಕಡಿಮೆ: ಡೆಂಗ್ಯೂ’ ಎಂದು ಅದನ್ನೇ ಎತ್ತಿ ಹಿಡಿಯುತ್ತದೆ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುವುದು ಸಾಮಾನ್ಯ ನಿಜ. ಆದರೆ ಮಲೇರಿಯಾ, ಇಲಿ ಜ್ವರಗಳಲ್ಲೂ ಅದು ಇಳಿಯುತ್ತದೆ. ಡೆಂಗ್ಯೂನಲ್ಲಿ ಮೊದಲ ದಿನಗಳಲ್ಲಿ ಸಹಜವಾಗಿಯೇ ಇರಬಹುದು. ರಕ್ತಸ್ರಾವವಿಲ್ಲದವರಿಗೆ ಸಂಖ್ಯೆ ಇಳಿದಿದೆಯೆಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಏರಿಸುವುದರಿಂದ ರಕ್ತಸ್ರಾವ ತಪ್ಪಲಿಲ್ಲವೆಂದು ಸಿಂಗಪುರ ಮತ್ತು ಮಲೇಷ್ಯಾದಲ್ಲಿ ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಹಿಮಟೋಕ್ರಿಟ್ ಏರುತ್ತಿದೆಯೇ ಎಂಬುದು ಹೆಚ್ಚು ಅರ್ಥಪೂರ್ಣ ಪ್ರಶ್ನೆ.

ಪರೀಕ್ಷೆಗಳಿಗೂ ದಿನಾಂಕ ಬೇಕು

‘ರಕ್ತ ಪರೀಕ್ಷೆ ಮಾಡಿಸಿದರೆ ಆಯಿತಲ್ಲ’ ಎನ್ನಬಹುದು. ಪರೀಕ್ಷೆ ಬೇಕು, ನಿಜ. ಆದರೆ ಅದಕ್ಕೂ ಕಾಲದ ಅಕ್ಷ ಬೇಕು. ಡೆಂಗ್ಯೂ ವೈರಸ್‌ನ ಎನ್‌ಎಸ್1 ಎಂಬ ಪ್ರೋಟೀನು ರಕ್ತದಲ್ಲಿ ಸುಲಭವಾಗಿ ಸಿಗುವುದು ಮೊದಲ ಸುಮಾರು ಐದು ದಿನಗಳಲ್ಲಿ. ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ನಾಲ್ಕೈದನೆಯ ದಿನದ ನಂತರ. ಎರಡನೆಯ ದಿನ ಐಜಿಎಂ ಪರೀಕ್ಷೆ, ಎಂಟನೆಯ ದಿನ ಎನ್‌ಎಸ್1 ಪರೀಕ್ಷೆ ಮಾಡಿಸಿ ‘ಇಲ್ಲ’ ಎಂಬ ಉತ್ತರ ಪಡೆದರೆ ಅದು ರೋಗವಿಲ್ಲ ಎಂಬ ಉತ್ತರವಲ್ಲ. ತಪ್ಪು ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರ.

ಫ್ಲೂ ಪರೀಕ್ಷೆಯದೂ ಇದೇ ಕಥೆ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಆ್ಯಂಟಿಜೆನ್ ಪರೀಕ್ಷೆಗಳು ಫ್ಲೂ ಇರುವ 100 ಮಂದಿಯಲ್ಲಿ ಸುಮಾರು 50ರಿಂದ 70 ಮಂದಿಯನ್ನಷ್ಟೇ ಹಿಡಿಯುತ್ತವೆ. 60 ಎಂದಿಟ್ಟುಕೊಳ್ಳಿ, ಫ್ಲೂ ಇಲ್ಲದವರಲ್ಲಿ ಶೇ 95ರಷ್ಟು ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎನ್ನಿ. ಜ್ವರ ಬಂದ 100 ಮಂದಿಯಲ್ಲಿ 40 ಮಂದಿಗೆ ನಿಜವಾಗಿ ಫ್ಲೂ ಇದ್ದರೆ, ಪರೀಕ್ಷೆ 24 ಮಂದಿಯನ್ನು ಹಿಡಿದು 16 ಮಂದಿಯನ್ನು ಬಿಡುತ್ತದೆ. ಫ್ಲೂ ಇಲ್ಲದ 60 ಮಂದಿಯಲ್ಲಿ 57 ಮಂದಿಗೆ ‘ಇಲ್ಲ’. ಒಟ್ಟು ‘ಇಲ್ಲ’ 73. ಅದರಲ್ಲಿ 16 ಮಂದಿಗೆ ಫ್ಲೂ ಇದೆ. ಅಂದರೆ ‘ಇಲ್ಲ’ ಎನಿಸಿಕೊಂಡವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ ರೋಗವಿದೆ. ಈ ಲೆಕ್ಕವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಲ್ಲ.

ತನ್ನನ್ನು ತಿದ್ದಿಕೊಂಡ ಒಂದು ಪಟ್ಟಿ

ಪಟ್ಟಿಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಪಟ್ಟಿ ಹೇಗಿರುತ್ತದೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯದೇ ನಿದರ್ಶನವಿದೆ. 1997ರ ಅದರ ಮಾರ್ಗಸೂಚಿಯ ಪ್ರಕಾರ ‘ಡೆಂಗ್ಯೂ ರಕ್ತಸ್ರಾವ ಜ್ವರ’ ಎನ್ನಬೇಕಾದರೆ ಜ್ವರ, ರಕ್ತಸ್ರಾವದ ಪ್ರವೃತ್ತಿ, ಒಂದು ಲಕ್ಷ ಅಥವಾ ಅದಕ್ಕಿಂತ ಕಡಿಮೆ ಪ್ಲೇಟ್‌ಲೆಟ್, ಪ್ಲಾಸ್ಮಾ ಸೋರಿಕೆಯ ಪುರಾವೆ ಈ ನಾಲ್ಕೂ ಇರಬೇಕಿತ್ತು. ಮೂರಿದ್ದು ಒಂದಿಲ್ಲದ, ಆದರೆ ತೀವ್ರ ಅಸ್ವಸ್ಥರಾದ ರೋಗಿಗಳು ಆ ಚೌಕಟ್ಟಿಗೆ ಸಿಗದೆ ಹೊರಗುಳಿಯುತ್ತಿದ್ದರು. ಹಲವು ದೇಶಗಳ ವೈದ್ಯರು ಇದನ್ನು ಎತ್ತಿ ತೋರಿಸಿದರು. 2009ರಲ್ಲಿ ಸಂಸ್ಥೆ ಪಟ್ಟಿಯನ್ನು ಬದಲಿಸಿತು: ಎಚ್ಚರಿಕೆಯ ಚಿಹ್ನೆಗಳಿಲ್ಲದ ಡೆಂಗ್ಯೂ, ಎಚ್ಚರಿಕೆಯ ಚಿಹ್ನೆಗಳಿರುವ ಡೆಂಗ್ಯೂ, ತೀವ್ರ ಡೆಂಗ್ಯೂ.

ಆ ಚಿಹ್ನೆಗಳು ಇವು: ಹೊಟ್ಟೆನೋವು ಅಥವಾ ಒತ್ತಿದರೆ ನೋವು, ನಿಲ್ಲದ ವಾಂತಿ, ಎದೆ ಅಥವಾ ಹೊಟ್ಟೆಯಲ್ಲಿ ನೀರು ಸೇರುವುದು, ವಸಡು ಮೂಗುಗಳಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಯಕೃತ್ತು ದೊಡ್ಡದಾಗುವುದು, ಪ್ಲೇಟ್‌ಲೆಟ್ ಬೇಗ ಇಳಿಯುತ್ತಾ ಹಿಮಟೋಕ್ರಿಟ್ ಏರುವುದು. ಗಮನಿಸಿ, ಈ ಪಟ್ಟಿ ‘ಇದು ಯಾವ ರೋಗ?’ ಎಂದು ಕೇಳುವಲ್ಲಿಗೆ ನಿಲ್ಲುವುದಿಲ್ಲ. ‘ಈ ರೋಗಿ ಎತ್ತ ಸಾಗುತ್ತಿದ್ದಾನೆ?’ ಎಂದು ಕೇಳುತ್ತದೆ. ಇದಕ್ಕೂ ಆಕ್ಷೇಪಗಳಿವೆ. ಬಲೆ ದೊಡ್ಡದಾಯಿತು, ದಾಖಲಾಗುವವರ ಸಂಖ್ಯೆ ಹೆಚ್ಚಿತು ಎಂದವರಿದ್ದಾರೆ. ಆದರೆ ಬೇಗ ಗುರುತಿಸಿ ಸರಿಯಾದ ಆರೈಕೆ ಕೊಟ್ಟರೆ ತೀವ್ರ ಡೆಂಗ್ಯೂನಲ್ಲೂ ಸಾವನ್ನು ಶೇ 1ಕ್ಕಿಂತ ಕೆಳಗಿಡಬಹುದಾದಾಗ, ಬಲೆ ಕೊಂಚ ದೊಡ್ಡದಿರುವುದೇ ಮೇಲು.

ಶಿಕ್ಷಕರು ಏನು ಮಾಡಬಹುದು?

ಮೊದಲನೆಯದಾಗಿ, ಚಾರ್ಟಿನಲ್ಲಿ ಕೋಷ್ಟಕದ ಬದಲು ಗ್ರಾಫ್ ಬರೆಸಿ. ಅಡ್ಡ ಅಕ್ಷದಲ್ಲಿ ಜ್ವರದ ದಿನ, ಲಂಬ ಅಕ್ಷದಲ್ಲಿ ಮೈ ಬಿಸಿ. ಫ್ಲೂಗೆ ಒಂದು ರೇಖೆ, ಡೆಂಗ್ಯೂಗೆ ಇನ್ನೊಂದು. ಡೆಂಗ್ಯೂ ರೇಖೆ ಇಳಿಯುವಲ್ಲಿ 48 ಗಂಟೆಗಳ ಪಟ್ಟಿಯನ್ನು ಕೆಂಪು ಬಣ್ಣದಿಂದ ತುಂಬಿಸಿ, ಅದರೊಳಗೆ ಎಚ್ಚರಿಕೆಯ ಚಿಹ್ನೆಗಳನ್ನು ಬರೆಸಿ. ಕೆಳಗೆ ಎನ್‌ಎಸ್1, ಐಜಿಎಂ ಪರೀಕ್ಷೆಗಳ ಅವಧಿಯನ್ನು ಗುರುತಿಸಿ. ಒಂದೇ ಹಾಳೆಯಲ್ಲಿ ಇಷ್ಟೂ ಹಿಡಿಯುತ್ತದೆ.

ಎರಡನೆಯದು, ಹಾಜರಿ ಪುಸ್ತಕ. ಫ್ಲೂ ಒಬ್ಬರಿಂದ ಮತ್ತೊಬ್ಬರಿಗೆ ಮೂರು ದಿನಗಳ ಆಸುಪಾಸಿನಲ್ಲಿ ದಾಟುತ್ತದೆ. ಒಂದೇ ಬೆಂಚಿನ ಮಕ್ಕಳು ಒಬ್ಬರ ಹಿಂದೊಬ್ಬರು ಮಲಗುತ್ತಾರೆ. ಡೆಂಗ್ಯೂ ಬೆಂಚಿನಿಂದ ಬೆಂಚಿಗೆ ಹರಡದು. ರೋಗಿಯ ರಕ್ತ ಹೀರಿದ ಸೊಳ್ಳೆಯಲ್ಲಿ ವೈರಸ್ ಬಲಿಯಲು 8ರಿಂದ 12 ದಿನ, ಮುಂದಿನವರಲ್ಲಿ ಜ್ವರ ಏಳಲು 4ರಿಂದ 10 ದಿನ. ಹೀಗೆ ಒಂದು ಸುತ್ತಿಗೆ ಎರಡು ಮೂರು ವಾರ. ಸೋಂಕಿದ ಒಂದೇ ಸೊಳ್ಳೆ ಹಲವರನ್ನು ಕಚ್ಚಬಹುದಾದ್ದರಿಂದ ಇದೂ ಖಚಿತ ಪರೀಕ್ಷೆಯಲ್ಲ. ಆದರೂ ಗೈರುಹಾಜರಿಯ ಅಂತರವನ್ನು ಗಮನಿಸುವ ಶಿಕ್ಷಕರು ಆರೋಗ್ಯ ಕಾರ್ಯಕರ್ತರಿಗೆ ಬೆಲೆಯುಳ್ಳ ಸುಳಿವು ಕೊಡಬಲ್ಲರು. ಆ ಸುಳಿವು ಶಾಲೆಯ ತೊಟ್ಟಿ, ಹೂಕುಂಡ, ಹಳೆಯ ಟೈರುಗಳನ್ನು ನೋಡುವಂತೆಯೂ ಮಾಡೀತು.

ಮೂರನೆಯದು, ರೋಗ ಯಾವುದೆಂದು ತಿಳಿಯದಿರುವಾಗ ಎರಡಕ್ಕೂ ಹೊಂದುವ ನಡೆಯನ್ನು ಕಲಿಸಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಎರಡರಲ್ಲೂ ಸಲ್ಲುತ್ತದೆ. ಆಸ್ಪಿರಿನ್ ಎರಡರಲ್ಲೂ ಸಲ್ಲದು: ಡೆಂಗ್ಯೂನಲ್ಲಿ ರಕ್ತಸ್ರಾವದ ಭಯ, ಫ್ಲೂ ಬಂದ ಮಕ್ಕಳಲ್ಲಿ ರೇ ಸಿಂಡ್ರೋಮ್ ಎಂಬ ಅಪಾಯ. ಐಬುಪ್ರೊಫೆನ್ ಕೂಡ ಡೆಂಗ್ಯೂ ಶಂಕೆ ಇರುವಾಗ ಬೇಡ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಗಳಲ್ಲಿ ಹೆಚ್ಚು ಫಲಕಾರಿಯಾದ್ದರಿಂದ ಅಪಾಯದ ಗುಂಪಿನವರು ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಜ್ವರ ಶುರುವಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ಮನೆಗಳಿಗೆ ಹಬ್ಬಿದರೆ ಅದೇ ದೊಡ್ಡ ಲಾಭ. ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಅದು.

‘ವ್ಯತ್ಯಾಸ ಬರೆಯಿರಿ’ ಎಂಬ ಪ್ರಶ್ನೆಯನ್ನು ನಾವು ಲೋಹ–ಅಲೋಹಗಳಿಗೆ ಕೇಳುವಂತೆಯೇ ರೋಗಗಳಿಗೂ ಕೇಳುತ್ತಿದ್ದೇವೆ. ತಾಮ್ರ ಇಂದು ಲೋಹ, ನಾಳೆಯೂ ಲೋಹ. ಜ್ವರ ಹಾಗಲ್ಲ, ಅದೊಂದು ಘಟನೆ, ಪ್ರತಿ ಗಂಟೆಗೂ ಬದಲಾಗುವಂಥದ್ದು. ಮುಂದಿನ ಮಳೆಗಾಲದ ಹೊತ್ತಿಗೆ ನಿಮ್ಮ ಶಾಲೆಯ ಚಾರ್ಟಿನಲ್ಲಿ ಒಂದೇ ಒಂದು ವಾಕ್ಯ ಸೇರಿಸಲು ಸ್ಥಳವಿದ್ದರೆ ಹೀಗೆ ಬರೆಯಿಸಿ: ಜ್ವರ ಬಿಟ್ಟ ಮೇಲಿನ ಎರಡು ದಿನ ಮಗುವನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ; ಹೊಟ್ಟೆನೋವು, ವಾಂತಿ, ಮಂಕು, ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.